ಕಾಗದದ ಹಣದ ಸಂಗ್ರಹ: ಚೀನಾ ಮತ್ತು ಹೈದರಾಬಾದಿನ ಹಳೆಯ ನೋಟುಗಳು ವರ್ತಕರಿಗೆ ಕಲಿಸುವ ಪಾಠ

ಪೀಠಿಕೆ

ವರ್ತಕನಿಗೆ ಹಣವು ದಿನನಿತ್ಯದ ಸಾಧನ. ಅದನ್ನು ಎಣಿಸುವುದು, ಕೊಡುವುದು, ಪಡೆಯುವುದು ಆತನಿಗೆ ಉಸಿರಾಟದಷ್ಟೇ ಸಹಜವಾದ ಕಾರ್ಯ. ಆದರೆ ತನ್ನ ಕೈಯಲ್ಲಿರುವ ಕಾಗದದ ತುಂಡಿಗೆ ಬೆಲೆ ಬಂದದ್ದು ಎಲ್ಲಿಂದ, ಅದು ಹೋಗುವುದು ಹೇಗೆ ಎಂಬ ವಿಚಾರವನ್ನು ಸಾವಧಾನವಾಗಿ ಕುಳಿತು ಆಲೋಚಿಸುವ ಸಂದರ್ಭ ಒದಗುವುದು ವಿರಳ. ಮೊಬೈಲ್ ಮೂಲಕವೇ ಪಾವತಿ ನಡೆಯುತ್ತಿರುವ ಈ ಕಾಲದಲ್ಲಂತೂ ನೋಟನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವೂ ಕಡಿಮೆಯಾಗುತ್ತಿದೆ. ಇಂತಹ ಸಮಯದಲ್ಲಿ ಹಳೆಯ ಕಾಗದದ ಹಣವನ್ನು ಸಂಗ್ರಹಿಸಿ ಅಧ್ಯಯನ ಮಾಡುವ ಹವ್ಯಾಸವು ಕೇವಲ ಕಾಲಕ್ಷೇಪವಾಗಿರದೆ, ವ್ಯಾಪಾರದ ಬುನಾದಿಯಾದ ನಂಬಿಕೆಯ ಸ್ವರೂಪವನ್ನು ಅರಿಯುವ ಒಂದು ಮಾರ್ಗವೂ ಆಗಿದೆ.

ಪ್ರಸ್ತುತ ಲೇಖನದಲ್ಲಿ ಎರಡು ಬಗೆಯ ನೋಟುಗಳನ್ನು ಜೊತೆಯಾಗಿಟ್ಟು ಪರಿಶೀಲಿಸಲಾಗಿದೆ. ಮೊದಲನೆಯದು, ಚೀನಾ ದೇಶದ ಕಮ್ಯುನಿಸ್ಟ್ ಆಡಳಿತದ ಆರಂಭಕಾಲದ ನೋಟುಗಳು. ಎರಡನೆಯದು, ನಮ್ಮ ರಾಜ್ಯದ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳಲ್ಲಿ ಒಂದು ಕಾಲಕ್ಕೆ ಚಲಾವಣೆಯಲ್ಲಿದ್ದ, ಕನ್ನಡ ಅಕ್ಷರಗಳನ್ನೂ ಹೊತ್ತಿದ್ದ ಹೈದರಾಬಾದ್ ಸಂಸ್ಥಾನದ ನೋಟುಗಳು. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಿಂದ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯವರೆಗೆ ನಮ್ಮ ವಾಚಕರಿಗೆ ಚೀನಾ ದೇಶದ ಹೆಸರು ಅಪರಿಚಿತವೇನಲ್ಲ. ಅಲ್ಲಿಂದ ಬರುವ ಕಚ್ಚಾ ರೇಷ್ಮೆಯ ಧಾರಣೆ ಇಳಿದರೆ ಇಲ್ಲಿ ಗೂಡಿನ ಧಾರಣೆಗೂ ಪೆಟ್ಟು ಬೀಳುವುದನ್ನು ರೀಲರುಗಳೂ ಬೆಳೆಗಾರರೂ ಅನುಭವದಿಂದ ಬಲ್ಲರು. ಆ ದೇಶದ ಸರಕನ್ನು ಬಲ್ಲ ನಮಗೆ ಅದರ ಹಣದ ಚರಿತ್ರೆಯನ್ನು ತಿಳಿಯುವುದು ಅಪ್ರಸ್ತುತವೆನಿಸಲಾರದು.

ಹುಂಡಿ ಮತ್ತು ನೋಟು

ನೋಟು ಎಂಬುದು ಮೂಲತಃ ಒಂದು ವಾಗ್ದಾನ ಪತ್ರ. ನಮ್ಮ ಹಿರಿಯ ವರ್ತಕರು ಬರೆಯುತ್ತಿದ್ದ ಹುಂಡಿಗೂ ಸರ್ಕಾರ ಹೊರಡಿಸುವ ನೋಟಿಗೂ ಈ ದೃಷ್ಟಿಯಿಂದ ಸ್ವಭಾವದಲ್ಲಿ ಭೇದವಿಲ್ಲ. ಕೊಡುವವನ ಮಾತಿನ ಮೇಲೆ ಪಡೆಯುವವನಿಗೆ ನಂಬಿಕೆ ಇರುವವರೆಗೆ ಎರಡಕ್ಕೂ ಬೆಲೆಯಿದೆ.

ಸಂಗ್ರಾಹಕನು ಮೊಟ್ಟಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸೂತ್ರವೂ ಇಲ್ಲಿಯೇ ಅಡಗಿದೆ. ಹುಂಡಿಯ ಹಣ ಸಂದಾಯವಾದೊಡನೆ ಅದನ್ನು ಹಿಂದಕ್ಕೆ ಪಡೆದು ರದ್ದುಪಡಿಸಲಾಗುತ್ತದೆ. ಬಾಕಿ ಉಳಿದ ಹುಂಡಿ ಮಾತ್ರ ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ. ನೋಟಿನ ಗತಿಯೂ ಹೀಗೆಯೇ. ಹೊರಡಿಸಿದವರು ಮಾತಿನಂತೆ ನಡೆದು ಹಿಂದಕ್ಕೆ ಪಡೆದ ನೋಟು ನಾಶವಾಗಿ ಅಪರೂಪವಾಗುತ್ತದೆ. ಮಾತು ತಪ್ಪಿದವರ ನೋಟು ಯಾರಿಗೂ ಬೇಡವಾಗಿ ಜನರ ಪೆಟ್ಟಿಗೆಗಳಲ್ಲಿಯೇ ಉಳಿದು ಹೇರಳವಾಗುತ್ತದೆ. ಆದುದರಿಂದ ಇಂದು ಸಂಗ್ರಾಹಕರ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಪಡೆಯುವುದು ಬಹುಮಟ್ಟಿಗೆ ಅಂದು ಪ್ರಾಮಾಣಿಕವಾಗಿ ಚುಕ್ತಾ ಆದ ನೋಟಿನ ಉಳಿದ ಕೆಲವೇ ಪ್ರತಿಗಳು. ಈ ಸೂತ್ರಕ್ಕೆ ಚೀನಾದ ಚರಿತ್ರೆಯಲ್ಲಿ ದೊರೆಯುವಷ್ಟು ಸ್ಪಷ್ಟ ನಿದರ್ಶನಗಳು ಇತರ ಕಡೆ ದೊರೆಯುವುದು ಕಡಿಮೆ.

ಕ್ರಾಂತಿಕಾಲದ ಪ್ರಾಂತೀಯ ನೋಟುಗಳು

ಚೀನಾದ ಕಮ್ಯುನಿಸ್ಟರು ಇಡೀ ದೇಶದ ಅಧಿಕಾರ ಹಿಡಿದದ್ದು 1949ರಲ್ಲಾದರೂ, ತಮ್ಮ ವಶದಲ್ಲಿದ್ದ ಪ್ರದೇಶಗಳಲ್ಲಿ ಅದಕ್ಕೆ ಬಹಳ ಮೊದಲೇ ನೋಟುಗಳನ್ನು ಹೊರಡಿಸಿದ್ದರು. 1932ರಲ್ಲಿ ಜಿಯಾಂಗ್‌ಶಿ ಪ್ರಾಂತದ ರುಯಿಜಿನ್ ಎಂಬಲ್ಲಿ ಚೀನೀ ಸೋವಿಯತ್ ಗಣರಾಜ್ಯದ ರಾಷ್ಟ್ರೀಯ ಬ್ಯಾಂಕು ಸ್ಥಾಪಿತವಾಯಿತು. ಮಾವೋ ಅವರ ಸಹೋದರ ಮಾವೋ ಜೆಮಿನ್ ಅದರ ಮುಖ್ಯಸ್ಥರಾಗಿದ್ದರು. ಈ ಬ್ಯಾಂಕಿನ ಒಂದು ಯುವಾನ್ ನೋಟಿನ ಮೇಲೆ ಲೆನಿನ್ನರ ಭಾವಚಿತ್ರವಿರುವುದು ಕುತೂಹಲಕರ. ಅದೇ ದಶಕದಲ್ಲಿ ಸಿಚುವಾನ್–ಷಾನ್‌ಶಿ ಗಡಿಯ ಸೋವಿಯತ್ ಪ್ರದೇಶದಲ್ಲಿ ಬಟ್ಟೆಯ ಮೇಲೆ ಮುದ್ರಿಸಿದ ನೋಟುಗಳೂ ಚಲಾವಣೆಗೆ ಬಂದವು.

1935ರ ಜನವರಿಯಲ್ಲಿ ದೀರ್ಘಯಾತ್ರೆಯ ಮಧ್ಯೆ ಕೆಂಪು ಸೇನೆಯು ಜುನ್ಯಿ ಎಂಬ ಪಟ್ಟಣದಲ್ಲಿ ಕೆಲವು ದಿನ ತಂಗಿತ್ತು. ಅಲ್ಲಿನ ಅಂಗಡಿಗಳಲ್ಲಿ ಸೇನೆಯವರು ತಮ್ಮ ಬ್ಯಾಂಕಿನ ನೋಟುಗಳನ್ನು ಕೊಟ್ಟು ಸಾಮಾನು ಕೊಂಡರು. ಆ ಪ್ರಾಂತದಲ್ಲಿ ಉಪ್ಪು ಬಹು ದುಬಾರಿಯ ವಸ್ತು. ನೋಟು ತಂದವರಿಗೆ ಸೇನೆಯು ಉಪ್ಪನ್ನು ಮಾರಿದ್ದರಿಂದ ವರ್ತಕರಿಗೆ ಆ ಕಾಗದದ ಮೇಲೆ ವಿಶ್ವಾಸ ಮೂಡಿತು. ಸೇನೆಯು ಊರು ಬಿಡುವ ಮುನ್ನ ಉಪ್ಪು ಮತ್ತು ಬೆಳ್ಳಿನಾಣ್ಯ ಕೊಟ್ಟು ಜನರಿಂದ ನೋಟುಗಳನ್ನು ಹಿಂದಕ್ಕೆ ಪಡೆಯಲಾಯಿತು. ರಾಜಕೀಯ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಸೇನೆಯೊಂದು ಹೊರಟುಹೋದ ನಂತರ ಬೆಲೆ ಕಳೆದುಕೊಳ್ಳಲಿದ್ದ ಕಾಗದವನ್ನು ಅಂಗಡಿಯವನ ಕೈಯಲ್ಲಿ ಬಿಟ್ಟು ಹೋಗದಿರುವುದು ಸಾಲ ತೀರಿಸುವ ಶಿಸ್ತು ಎಂಬುದನ್ನು ಯಾವ ವರ್ತಕನೂ ಒಪ್ಪಬೇಕಾಗುತ್ತದೆ.

ಜಪಾನಿನ ವಿರುದ್ಧದ ಯುದ್ಧಕಾಲದಲ್ಲಿ ಷಾನ್‌ಡಾಂಗ್ ಪ್ರಾಂತದ ಬೈಹಾಯ್ ಬ್ಯಾಂಕು ಹೊರಡಿಸಿದ ನೋಟುಗಳು ಅಧ್ಯಯನಕ್ಕೆ ಇನ್ನೂ ಯೋಗ್ಯವಾದುವು. 1943ರಿಂದ ಅಲ್ಲಿ ಆರ್ಥಿಕ ವ್ಯವಹಾರಗಳನ್ನು ನೋಡಿಕೊಂಡ ಅರ್ಥಶಾಸ್ತ್ರಜ್ಞ ಷೂ ಮುಚಿಯಾವೋ ಅವರ ಬಳಿ ಚಿನ್ನವೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ. ಹೊರಡಿಸಿದ ನೋಟುಗಳ ಒಂದು ದೊಡ್ಡ ಭಾಗದಿಂದ ಧಾನ್ಯ, ಹತ್ತಿ, ಬಟ್ಟೆ, ಕಡಲೆಕಾಯಿ ಮುಂತಾದ ಸರಕುಗಳನ್ನು ಕೊಂಡು ಉಗ್ರಾಣಗಳಲ್ಲಿ ತುಂಬಿಸಲಾಯಿತು. ಧಾರಣೆ ಏರಿದಾಗ ಸರಕನ್ನು ಮಾರಿ ನೋಟುಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಧಾರಣೆ ಬಿದ್ದಾಗ ನೋಟು ಕೊಟ್ಟು ಸರಕನ್ನು ಕೊಳ್ಳುವುದು, ಇದೇ ಅವರ ಕ್ರಮ. ನೋಟಿನ ಹಿಂದೆ ಖಜಾನೆಯ ಲೋಹವಿರದಿದ್ದರೂ ಉಗ್ರಾಣದ ಸರಕಿದ್ದರೆ ಅದು ನಿಲ್ಲಬಲ್ಲದು ಎಂಬುದನ್ನು ಈ ಪ್ರಯೋಗವು ತೋರಿಸಿತು. ಕಡಲೆಕಾಯಿಯ ವ್ಯಾಪಾರವನ್ನು ಬಲ್ಲ ನಮ್ಮ ಭಾಗದ ಮಂಡಿ ವರ್ತಕರಿಗೆ ಈ ತರ್ಕವನ್ನು ವಿವರಿಸುವ ಅಗತ್ಯವಿಲ್ಲ.

ಕುಸಿದ ಹಣ ಮತ್ತು ಹೊಸ ಹಣ

ಇದೇ ಅವಧಿಯಲ್ಲಿ ರಾಷ್ಟ್ರೀಯವಾದಿ ಸರ್ಕಾರದ ಹಣದ ಸ್ಥಿತಿ ವಿರುದ್ಧ ದಿಕ್ಕಿನಲ್ಲಿ ಸಾಗಿತ್ತು. 1935ರಲ್ಲಿ ಜಾರಿಗೆ ಬಂದ ಫಾಬಿ ಎಂಬ ನೋಟನ್ನು ಯುದ್ಧದ ವೆಚ್ಚ ತುಂಬಲು ಮಿತಿಯಿಲ್ಲದೆ ಮುದ್ರಿಸಲಾಯಿತು. 1948ರ ಆಗಸ್ಟ್ 19ರಂದು ಚಿನ್ನದ ಯುವಾನ್ ಎಂಬ ಹೊಸ ನೋಟನ್ನು ತಂದು, 30 ಲಕ್ಷ ಫಾಬಿಗೆ ಒಂದು ಚಿನ್ನದ ಯುವಾನ್ ಎಂದು ದರ ನಿಗದಿಪಡಿಸಲಾಯಿತು. ಜನರು ತಮ್ಮಲ್ಲಿದ್ದ ಚಿನ್ನ, ಬೆಳ್ಳಿ ಮತ್ತು ವಿದೇಶಿ ಹಣವನ್ನು ಸರ್ಕಾರಕ್ಕೆ ಒಪ್ಪಿಸಿ ಈ ಕಾಗದವನ್ನು ಪಡೆಯಬೇಕೆಂಬ ಕಟ್ಟಪ್ಪಣೆಯೂ ಹೊರಟಿತು. ಕಾನೂನಿಗೆ ತಲೆಬಾಗಿ ಚಿನ್ನ ಒಪ್ಪಿಸಿದ ಗೃಹಸ್ಥರ ಉಳಿತಾಯವು ಒಂದು ವರ್ಷದೊಳಗೆ ನೀರಿನಲ್ಲಿ ಹೋಮ ಮಾಡಿದಂತಾಯಿತು. 1949ರ ಮೇ ತಿಂಗಳಿನಲ್ಲಿ ಶಾಂಘೈ ನಗರವು ಕಮ್ಯುನಿಸ್ಟರ ವಶವಾದಾಗ ಒಂದು ಲಕ್ಷ ಚಿನ್ನದ ಯುವಾನಿಗೆ ಹೊಸ ಹಣದ ಒಂದು ಯುವಾನ್ ಮಾತ್ರ ದೊರೆಯಿತು.

ಈ ಹೊಸ ಹಣವೇ ರೆನ್‌ಮಿನ್‌ಬಿ, ಅಂದರೆ ಜನತೆಯ ಹಣ. 1948ರ ಡಿಸೆಂಬರ್ 1ರಂದು ಶಿಜಿಯಾಜುವಾಂಗ್ ನಗರದಲ್ಲಿ ಬೈಹಾಯ್ ಬ್ಯಾಂಕ್ ಸೇರಿದಂತೆ ಮೂರು ಪ್ರಾಂತೀಯ ಬ್ಯಾಂಕುಗಳನ್ನು ಕೂಡಿಸಿ ಚೀನಾದ ಜನತಾ ಬ್ಯಾಂಕನ್ನು ಸ್ಥಾಪಿಸಲಾಯಿತು. ಅದೇ ದಿನ 10, 20 ಮತ್ತು 50 ಯುವಾನಿನ ನೋಟುಗಳು ಹೊರಬಂದವು. ನೋಟಿನ ಮೇಲಿನ ಬ್ಯಾಂಕಿನ ಹೆಸರನ್ನು ಹಿರಿಯ ಮುಖಂಡ ಡಾಂಗ್ ಬಿವು ಅವರ ಕೈಬರಹದಿಂದ ತೆಗೆದುಕೊಳ್ಳಲಾಗಿದೆ. ಮಾವೋ ಅವರ ಚಿತ್ರ ಈ ಸರಣಿಯಲ್ಲಿ ಎಲ್ಲಿಯೂ ಇಲ್ಲ. ರೈತರು, ಕಾರ್ಖಾನೆಗಳು, ರೈಲು, ಹಡಗು ಇವೇ ಅದರ ಚಿತ್ರಗಳು. 1948ರ 50 ಯುವಾನ್ ನೋಟಿನಲ್ಲಿ ಕತ್ತೆಯಿಂದ ನೀರೆತ್ತಿಸುವ ಬಾವಿಯ ದೃಶ್ಯವಿದೆ. ಎತ್ತುಗಳಿಂದ ಕಪಿಲೆ ಹೊಡೆದು ಬಾವಿಯ ನೀರೆತ್ತುತ್ತಿದ್ದ ಕಾಲವನ್ನು ಬಲ್ಲ ನಮ್ಮ ಹಿರಿಯರಿಗೆ ಆ ಚಿತ್ರ ಆಪ್ತವೆನಿಸುತ್ತದೆ.

ಹೊಸ ಹಣವೂ ಮೊದಲ ಒಂದೂವರೆ ವರ್ಷ ಬೆಲೆಯೇರಿಕೆಯಿಂದ ಪಾರಾಗಲಿಲ್ಲ. ಜನರಲ್ಲಿ ಭರವಸೆ ಹುಟ್ಟಿಸಲು 1949ರ ಜೂನ್ ತಿಂಗಳಿನಲ್ಲಿ ಶಾಂಘೈಯಲ್ಲಿ ಒಂದು ವಿಶಿಷ್ಟ ಠೇವಣಿ ಯೋಜನೆಯನ್ನು ಆರಂಭಿಸಲಾಯಿತು. ನಿಗದಿತ ಪ್ರಮಾಣದ ಅಕ್ಕಿ, ಬಟ್ಟೆ, ಅಡುಗೆ ಎಣ್ಣೆ ಮತ್ತು ಇದ್ದಿಲುಂಡೆಗಳ ಅಂದಿನ ಧಾರಣೆಯನ್ನು ಕೂಡಿಸಿ ಒಂದು ಘಟಕವೆಂದು ಎಣಿಸಿ, ಠೇವಣಿಯನ್ನು ಆ ಘಟಕಗಳಲ್ಲಿ ಇಡುವುದು ಇದರ ವಿಧಾನ. ಧಾರಣೆ ಏರಿದರೆ ಠೇವಣಿದಾರನಿಗೆ ಸಲ್ಲುವ ಹಣವೂ ಏರುತ್ತಿತ್ತು. 1950ರ ಮಾರ್ಚ್ ತಿಂಗಳಿನ ಸುಮಾರಿಗೆ ಧಾರಣೆಗಳು ಸ್ಥಿಮಿತಕ್ಕೆ ಬಂದವು. 1955ರ ಮಾರ್ಚ್ 1ರಿಂದ ಎರಡನೆಯ ಸರಣಿಯ ನೋಟುಗಳು ಜಾರಿಗೆ ಬಂದು, ಹಳೆಯ 10,000 ಯುವಾನಿಗೆ ಹೊಸ ಒಂದು ಯುವಾನ್ ದರದಲ್ಲಿ ವಿನಿಮಯ ನಡೆಯಿತು.

ಈ ಮೂರು ವಿನಿಮಯ ದರಗಳನ್ನು ಗುಣಿಸಿ ನೋಡಿದರೆ, 1955ರ ಒಂದು ಯುವಾನಿಗೆ ಮೂರು ಸಾವಿರ ಲಕ್ಷ ಕೋಟಿ ಫಾಬಿ ಸಮವಾಗುತ್ತದೆ. ಏಳು ವರ್ಷಗಳ ಅವಧಿಯಲ್ಲಿ ಒಂದು ದೇಶದ ಲೆಕ್ಕಪುಸ್ತಕಗಳಲ್ಲಿ ಇಷ್ಟು ಸೊನ್ನೆಗಳು ಅಳಿಸಿಹೋದವು.

ಯಾವ ನೋಟು ಅಪರೂಪ? ಏಕೆ?

ಮೊದಲನೆಯ ಸರಣಿಯಲ್ಲಿ ಒಂದು ಯುವಾನಿನಿಂದ 50,000 ಯುವಾನಿನವರೆಗೆ 12 ಮುಖಬೆಲೆಗಳು, ಒಟ್ಟು 62 ಬಗೆಯ ನೋಟುಗಳಿವೆ. ಇವುಗಳಲ್ಲಿ ಸಂಗ್ರಾಹಕರು ಅತ್ಯಂತ ಆಸಕ್ತಿಯಿಂದ ಹುಡುಕುವುದು 1951ರಲ್ಲಿ ಒಳ ಮಂಗೋಲಿಯಾ ಮತ್ತು ಶಿಂಜಿಯಾಂಗ್ ಪ್ರದೇಶಗಳಿಗಾಗಿ ಮಂಗೋಲ್ ಅಥವಾ ಉಯಿಗುರ್ ಲಿಪಿಯನ್ನೂ ಸೇರಿಸಿ ಮುದ್ರಿಸಿದ ಕೆಲವು ನೋಟುಗಳನ್ನು. ಮೇಯುತ್ತಿರುವ ಕುದುರೆಗಳ ಚಿತ್ರವುಳ್ಳ 10,000 ಯುವಾನ್, ಹುಲ್ಲುಗಾವಲಿನ ಡೇರೆಯ ಚಿತ್ರವುಳ್ಳ 5,000 ಯುವಾನ್ ಇವುಗಳಲ್ಲಿ ಪ್ರಸಿದ್ಧವಾದುವು. ವಿರಳ ಜನವಸತಿಯ ಗಡಿನಾಡುಗಳಲ್ಲಿ ಅಲ್ಪ ಸಂಖ್ಯೆಯಲ್ಲಿ ಚಲಾವಣೆಗೆ ಬಂದು, 1955ರಲ್ಲಿ ಬಹುಪಾಲು ಹಿಂದಕ್ಕೆ ಹೋದುದರಿಂದ ಉಳಿದ ಪ್ರತಿಗಳು ಬೆರಳೆಣಿಕೆಯಷ್ಟು. ಹರಾಜುಗಳಲ್ಲಿ ಇಂತಹ ಒಂದು ನೋಟು ಹಲವು ಲಕ್ಷ ರೂಪಾಯಿ ಬೆಲೆ ಪಡೆಯುತ್ತದೆ.

ಎರಡನೆಯ ಸರಣಿಯ 3, 5 ಮತ್ತು 10 ಯುವಾನಿನ ಕೆಲವು ನೋಟುಗಳು ಸೋವಿಯತ್ ಒಕ್ಕೂಟದಲ್ಲಿ ಮುದ್ರಣಗೊಂಡಿದ್ದವು. ಎರಡೂ ದೇಶಗಳ ಸಂಬಂಧ ಕೆಟ್ಟ ಬಳಿಕ, 1964ರ ಏಪ್ರಿಲ್ 15ರಿಂದ ಮೇ 15ರವರೆಗೆ ಒಂದು ತಿಂಗಳ ಅವಧಿ ಕೊಟ್ಟು ಅವುಗಳನ್ನು ಹಿಂದಕ್ಕೆ ಪಡೆಯಲಾಯಿತು. 10 ಯುವಾನ್ ಅಂದಿನ ಕಾರ್ಮಿಕನಿಗೆ ದೊಡ್ಡ ಮೊತ್ತ. ಅದನ್ನು ವಿನಿಮಯ ಮಾಡಿಕೊಳ್ಳದೆ ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಆದುದರಿಂದಲೇ ಆ ನೋಟು ಇಂದು ದುರ್ಲಭ. ಇದಕ್ಕೆ ಪ್ರತಿಯಾಗಿ, ಲಕ್ಷಾಂತರ ಕುಟುಂಬಗಳ ಉಳಿತಾಯವನ್ನು ನುಂಗಿದ ಫಾಬಿ ಮತ್ತು ಚಿನ್ನದ ಯುವಾನ್ ನೋಟುಗಳಲ್ಲಿ ಸಾಮಾನ್ಯ ಬಗೆಯವು ಸಂಗ್ರಾಹಕರಿಗೆ ಇಂದಿಗೂ ಅಗ್ಗದಲ್ಲಿ ದೊರೆಯುತ್ತವೆ. ಮೇಲೆ ಹೇಳಿದ ಹುಂಡಿಯ ಸೂತ್ರವು ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ನಮ್ಮ ನಾಡಿನ ನಿದರ್ಶನ: ಹಾಲಿ ಸಿಕ್ಕಾ

ಚೀನಾದಲ್ಲಿ ಹೊಸ ಹಣ ಹುಟ್ಟಿದ 1948ನೆಯ ವರ್ಷವೇ ನಮ್ಮ ರಾಜ್ಯದ ಈಶಾನ್ಯ ಭಾಗದಲ್ಲಿಯೂ ಒಂದು ಆಡಳಿತ ಅಳಿದು ಮತ್ತೊಂದು ಬಂದಿತು. ಗೌರಿಬಿದನೂರು, ಚಿಂತಾಮಣಿ ಮುಂತಾದ ಮೈಸೂರು ಸಂಸ್ಥಾನದ ಪೇಟೆಗಳಲ್ಲಿ ಬ್ರಿಟಿಷ್ ಇಂಡಿಯಾದ ರೂಪಾಯಿಯೇ ನಡೆಯುತ್ತಿದ್ದುದರಿಂದ ನಮ್ಮ ಭಾಗದ ವರ್ತಕರಿಗೆ ಈ ಅನುಭವ ಆಗಲಿಲ್ಲ. ಆದರೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಪೇಟೆಗಳಲ್ಲಿ ಸಂಸ್ಥಾನದ್ದೇ ಆದ ಉಸ್ಮಾನಿಯಾ ಸಿಕ್ಕಾ ಅಥವಾ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಅಲ್ಲಿ ಕಲ್ದಾರ್ ಎಂಬ ಹೆಸರು.

ಸಂಸ್ಥಾನಗಳು ನೋಟು ಹೊರಡಿಸುವುದನ್ನು ಬ್ರಿಟಿಷ್ ಸರ್ಕಾರ ವಿರೋಧಿಸುತ್ತಲೇ ಬಂದಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವ ತೀವ್ರವಾದುದರಿಂದಲೂ, ಯುದ್ಧಕ್ಕೆ ಹೈದರಾಬಾದ್ ನೀಡಿದ ನೆರವಿನ ಕಾರಣದಿಂದಲೂ 1918ರಲ್ಲಿ ಒಪ್ಪಿಗೆ ದೊರೆಯಿತು. ಆ ವರ್ಷ 10 ಮತ್ತು 100 ರೂಪಾಯಿ, 1919ರಲ್ಲಿ ಒಂದು ಮತ್ತು 5 ರೂಪಾಯಿ, 1926ರಲ್ಲಿ 1,000 ರೂಪಾಯಿಯ ನೋಟುಗಳು ಹೊರಬಂದವು. ಆರಂಭದಲ್ಲಿ ಲಂಡನ್ನಿನ ವಾಟರ್‌ಲೋ ಸಂಸ್ಥೆಯಲ್ಲಿ ಮುದ್ರಣಗೊಳ್ಳುತ್ತಿದ್ದ ಇವು ನಾಸಿಕದ ಮುದ್ರಣಾಲಯ ಸ್ಥಾಪನೆಯಾದ ಮೇಲೆ ಅಲ್ಲಿ ಮುದ್ರಣಗೊಂಡವು. ಉರ್ದು ಮತ್ತು ಇಂಗ್ಲಿಷ್ ಜೊತೆಗೆ ತೆಲುಗು, ಮರಾಠಿ ಮತ್ತು ಕನ್ನಡದಲ್ಲಿಯೂ ಮುಖಬೆಲೆಯನ್ನು ಮುದ್ರಿಸಿರುವುದು ಕನ್ನಡಿಗ ಸಂಗ್ರಾಹಕರಿಗೆ ಇವುಗಳ ಮೇಲಿನ ವಿಶೇಷ ಅಕ್ಕರೆಗೆ ಕಾರಣ. ಸಹಿಗಳ ಆಧಾರದ ಮೇಲೂ ಈ ನೋಟುಗಳನ್ನು ವಿಂಗಡಿಸುತ್ತಾರೆ. ಹೈದರ್ ನವಾಜ್ ಜಂಗ್ ಎಂಬ ಸಹಿ ಸರ್ ಅಕ್ಬರ್ ಹೈದರಿಯವರದು. ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದ ಗುಲಾಂ ಮುಹಮ್ಮದ್ ಅವರ ಸಹಿಯೂ ಕೆಲವು ನೋಟುಗಳಲ್ಲಿದೆ.

ಹಾಲಿ ಮತ್ತು ಕಲ್ದಾರ್ ನಡುವಣ ದರ 7ಕ್ಕೆ 6. ಅಂದರೆ 100 ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಹೈದರಾಬಾದಿಗೆ ಸೇರಿದ ರಾಯಚೂರಿನಲ್ಲಿ ಹತ್ತಿ ಕೊಂಡು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಕಡೆಗೆ ಮಾರುವ ವರ್ತಕನಿಗೆ ಈ ಲೆಕ್ಕ ಬಾಯಿಪಾಠವಾಗಿರಬೇಕಿತ್ತು. 700 ಹಾಲಿಯ ಖರೀದಿಯನ್ನು 600 ಕಲ್ದಾರಿಗೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸಾಗಾಣಿಕೆಯ ವೆಚ್ಚ ಮತ್ತು ಹಣ ಬದಲಿಸುವಾಗಿನ ವಟ್ಟ ಮಾತ್ರ ಕೈಯಿಂದ ಹೋಗುತ್ತಿತ್ತು.

1947ರ ನವೆಂಬರ್‌ನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾದ ಸ್ವಲ್ಪ ಸಮಯದಲ್ಲಿಯೇ ಹೈದರಾಬಾದ್ ಸರ್ಕಾರವು ಭಾರತದ ನಾಣ್ಯ ಮತ್ತು ನೋಟುಗಳು ಸಂಸ್ಥಾನದಲ್ಲಿ ಕಾನೂನುಬದ್ಧ ಹಣವಲ್ಲವೆಂದು ಸುಗ್ರೀವಾಜ್ಞೆ ಹೊರಡಿಸಿತು. ಭಾರತ ಸರ್ಕಾರವು ಇದನ್ನು ಒಪ್ಪಂದದ ಉಲ್ಲಂಘನೆಯೆಂದು ಆಕ್ಷೇಪಿಸಿತು. ಚೀನಾದಲ್ಲಿ ಎದುರಾಳಿಯ ನೋಟನ್ನು ತಮ್ಮ ಪ್ರದೇಶದಿಂದ ಹೊರಹಾಕಲು ನಡೆದ ಹೋರಾಟದಂತೆಯೇ ಇಲ್ಲಿಯೂ ನೋಟು ರಾಜಕೀಯದ ಆಯುಧವಾಯಿತು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು.

ನಂತರ ನಡೆದದ್ದು ಚೀನಾದ ಫಾಬಿಯ ಕಥೆಗಿಂತ ತೀರ ಭಿನ್ನ. ಹಾಲಿ ಸಿಕ್ಕಾದ ಬೆಲೆಯನ್ನು ರಾತ್ರೋರಾತ್ರಿ ಕಿತ್ತುಹಾಕಲಿಲ್ಲ. ಹಳೆಯ 7ಕ್ಕೆ 6ರ ದರವನ್ನೇ ಉಳಿಸಿಕೊಂಡು ಭಾರತದ ರೂಪಾಯಿಯ ಜೊತೆಯಲ್ಲಿ ಅದು ನಡೆಯಿತು. 1951ರಲ್ಲಿ ಹೊಸದಾಗಿ ಹೊರಡಿಸುವುದು ನಿಂತಿತು. ಪೂರ್ಣ ರದ್ದತಿಯಾದದ್ದು 1959ರಲ್ಲಿ. ಅಷ್ಟರಲ್ಲಿ 1956ರ ನವೆಂಬರ್ 1ರಂದು ಆ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿಯಾಗಿತ್ತು. ಒಂದು ಆಡಳಿತದ ವಾಗ್ದಾನವನ್ನು ಅದನ್ನು ಸೋಲಿಸಿದ ಆಡಳಿತವು ವರ್ಷಗಳ ಕಾಲ ಹೊತ್ತು ಚುಕ್ತಾ ಮಾಡಿದ ಈ ನಿದರ್ಶನಕ್ಕೆ ನಮ್ಮ ವಾಣಿಜ್ಯ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಹೈದರಾಬಾದಿನ 1,000 ರೂಪಾಯಿಯ ನೋಟು ಇಂದು ಕಣ್ಣಿಗೆ ಬೀಳುವುದೇ ಕಷ್ಟವಾಗಿದ್ದು, ಒಂದು ರೂಪಾಯಿಯ ನೋಟು ಆಗಾಗ ದೊರೆಯುತ್ತದೆ. ದೊಡ್ಡ ಮೊತ್ತವನ್ನು ಬದಲಿಸಿಕೊಳ್ಳದೆ ಬಿಟ್ಟವರಿಲ್ಲ.

ಹೊಸದಾಗಿ ಆರಂಭಿಸುವವರಿಗೆ ಸೂಚನೆಗಳು

1. ಕ್ಷೇತ್ರವನ್ನು ಕಿರಿದಾಗಿ ಇಟ್ಟುಕೊಳ್ಳುವುದು ಲೇಸು. ಜಗತ್ತಿನ ಎಲ್ಲ ನೋಟುಗಳನ್ನು ಕೂಡಿಹಾಕಲು ಹೊರಟವನ ಬಳಿ ರಾಶಿಯಿರುತ್ತದೆ, ಸಂಗ್ರಹವಿರುವುದಿಲ್ಲ. ಕನ್ನಡ ಅಕ್ಷರವಿರುವ ನೋಟುಗಳು, ಇಲ್ಲವೇ ಚೀನಾದ ಮೊದಲ ಸರಣಿಯ ಕಡಿಮೆ ಮುಖಬೆಲೆಯ ನೋಟುಗಳು, ಹೀಗೆ ಒಂದು ಎಲ್ಲೆ ಹಾಕಿಕೊಳ್ಳಬೇಕು.

2. ನೋಟಿನ ವರ್ಷವನ್ನು ಓದಲು ಕಲಿಯಬೇಕು. ಚೀನಾದ ಮೊದಲ ಸರಣಿಯ ಆರಂಭದ ನೋಟುಗಳಲ್ಲಿ ಚೀನಾ ಗಣರಾಜ್ಯದ ವರ್ಷವಿರುತ್ತದೆ. ಅದಕ್ಕೆ 1911 ಕೂಡಿಸಬೇಕು. ವರ್ಷ 37 ಎಂದಿದ್ದರೆ 1948. ಬರಹವು ಬಲದಿಂದ ಎಡಕ್ಕೆ ಸಾಗುತ್ತದೆ. ಹೈದರಾಬಾದಿನ ನೋಟುಗಳಲ್ಲಿ ಫಸಲಿ ವರ್ಷ ಕಂಡರೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ದೊರೆಯುತ್ತದೆ. ಹಳೆಯ ಕಂದಾಯ ದಾಖಲೆಗಳನ್ನು ನೋಡಿದವರಿಗೆ ಫಸಲಿ ಹೊಸದಲ್ಲ.

3. ಮರುಮುದ್ರಣಗಳ ಬಗ್ಗೆ ಎಚ್ಚರ ಅಗತ್ಯ. ಚೀನಾದ ಮೊದಲ ಸರಣಿಯ ನೋಟುಗಳ ಪ್ರತಿಕೃತಿಗಳನ್ನು ಸ್ಮರಣಿಕೆಗಳಾಗಿ ಆಲ್ಬಂ ರೂಪದಲ್ಲಿ ಮಾರುತ್ತಾರೆ. ಅವುಗಳಲ್ಲಿ ಕೆಲವು ಬಿಡಿಬಿಡಿಯಾಗಿ ಅಸಲಿ ಎಂಬ ಹೆಸರಿನಲ್ಲಿಯೂ ಕೈ ಬದಲಾಯಿಸುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳ ಬದಲು ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಅದು ಈಚಿನ ಮುದ್ರಣ. ಅತಿನೇರಳೆ ದೀಪದ ಕೆಳಗೆ ಕಾಗದ ಬೆಳ್ಳಗೆ ಹೊಳೆದರೆ ಅನುಮಾನಿಸಬೇಕು. 62 ಬಗೆಯ ಪೂರ್ಣ ಸೆಟ್ಟನ್ನು ಕೆಲವು ಸಾವಿರ ರೂಪಾಯಿಗೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಪರೀಕ್ಷೆಯ ಅಗತ್ಯವೇ ಇಲ್ಲ.

4. ಸ್ಥಿತಿಯೇ ಬೆಲೆಯನ್ನು ನಿರ್ಧರಿಸುತ್ತದೆ. ಮಡಿಕೆ, ರಂಧ್ರ, ಕಲೆ, ಅಂಚಿನ ಹರಕು ಇವುಗಳನ್ನು ಎಣಿಸಿ ಅಭ್ಯಾಸ ಮಾಡಬೇಕು. ಒಗೆದು, ಇಸ್ತ್ರಿ ಮಾಡಿ, ಅಂಟುಪಟ್ಟಿ ಹಚ್ಚಿ ನೋಟನ್ನು ಚೆಂದ ಮಾಡಲು ಹೊರಟರೆ ಇದ್ದ ಬೆಲೆಯೂ ಹೋಗುತ್ತದೆ. ದುಬಾರಿ ನೋಟುಗಳನ್ನು ಪರೀಕ್ಷಿಸಿ ದರ್ಜೆ ನೀಡುವ ಸಂಸ್ಥೆಗಳಿವೆ. ಅವರ ಪ್ರಮಾಣಪತ್ರದ ಸಂಖ್ಯೆಯನ್ನು ಖರೀದಿಗೆ ಮುನ್ನ ಆ ಸಂಸ್ಥೆಯ ದಾಖಲೆಯೊಡನೆ ತಾಳೆ ನೋಡಬೇಕು.

5. ಸಂರಕ್ಷಣೆಗೆ ಪಾಲಿಯೆಸ್ಟರ್ ಹಾಳೆಯ ತೆಳುಚೀಲಗಳು ಉತ್ತಮ. ಅಗ್ಗದ ಪಿ.ವಿ.ಸಿ. ಪ್ಲಾಸ್ಟಿಕ್ ಕಾಲಕ್ರಮೇಣ ಜಿಗುಟಾಗಿ ನೋಟನ್ನು ಕೆಡಿಸುತ್ತದೆ. ತೇವ, ಬಿಸಿಲು ಮತ್ತು ಗೆದ್ದಲು ಈ ಮೂರರಿಂದ ದೂರವಿಡುವುದು ಮುಖ್ಯ.

6. ಕೊಳ್ಳುವುದಕ್ಕೆ ಮೊದಲು ನೋಡಬೇಕು. ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ರೆಜ್ವಾನ್ ರಜಾಕ್ ಅವರು 2020ರಲ್ಲಿ ತೆರೆದ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯವು ಅಭ್ಯಾಸಿಗಳಿಗೆ ಅತ್ಯುತ್ತಮ ಪಾಠಶಾಲೆ. ಅಸಲಿ ನೋಟುಗಳನ್ನು ಹತ್ತಾರು ಬಾರಿ ನೋಡಿದ ಕಣ್ಣು ನಕಲಿಯನ್ನು ತಾನಾಗಿ ಗುರುತಿಸುತ್ತದೆ.

ಕಾನೂನು ಮತ್ತು ವಂಚನೆ

ಹವ್ಯಾಸವಾದರೂ ಕಾನೂನಿನ ಎಲ್ಲೆಯನ್ನು ತಿಳಿದಿರುವುದು ಅವಶ್ಯಕ. 2016ರ ನವೆಂಬರ್ 8ರಂದು ರದ್ದಾದ 500 ಮತ್ತು 1,000 ರೂಪಾಯಿಯ ನೋಟುಗಳನ್ನು 2017ರ ಕಾಯಿದೆಯ ಪ್ರಕಾರ ಸಾಮಾನ್ಯ ವ್ಯಕ್ತಿಯು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕೆ 25ರವರೆಗೆ ಅವಕಾಶವಿದೆ. ಮೀರಿದರೆ 10,000 ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ವಿಧಿಸಬಹುದು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳೂ, 75 ವರ್ಷ ದಾಟಿದ ಐತಿಹಾಸಿಕ ಮೌಲ್ಯದ ದಾಖಲೆಗಳೂ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ, ಹಳೆಯ ನೋಟುಗಳನ್ನು ವಿದೇಶಕ್ಕೆ ಕಳುಹಿಸುವ ಮುನ್ನ ಪುರಾತತ್ತ್ವ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಇದಕ್ಕಿಂತ ದೊಡ್ಡ ಅಪಾಯ ವಂಚಕರದು. ಟ್ರ್ಯಾಕ್ಟರ್ ಚಿತ್ರವಿರುವ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ಜಾಹೀರಾತು ನೀಡಿ, ನೋಂದಣಿ ಶುಲ್ಕ, ತೆರಿಗೆ, ರಿಸರ್ವ್ ಬ್ಯಾಂಕಿನ ಅನುಮತಿ ಶುಲ್ಕ ಎಂದು ಕಂತುಕಂತಾಗಿ ಹಣ ಕೀಳುವ ಜಾಲಗಳಿವೆ. ಇಂತಹ ವ್ಯವಹಾರಗಳಲ್ಲಿ ತಾನು ತೊಡಗಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ ತಿಂಗಳಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮಾರುವವನು ಮುಂಗಡ ಶುಲ್ಕ ಕಟ್ಟಬೇಕಾದ ವ್ಯಾಪಾರವು ವ್ಯಾಪಾರವೇ ಅಲ್ಲ ಎಂಬ ಸಾಮಾನ್ಯ ವಿವೇಕವನ್ನು ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರಿಗೂ ಅಂಗಡಿಯ ಹುಡುಗರಿಗೂ ತಿಳಿಸಿಹೇಳಬೇಕು.

ಉಪಸಂಹಾರ

ಕರ್ನಾಟಕವು ಇಂದು ಕಾಗದದ ಹಣವನ್ನು ಬಳಸುವ ರಾಜ್ಯ ಮಾತ್ರವಲ್ಲ, ತಯಾರಿಸುವ ರಾಜ್ಯವೂ ಹೌದು. 1996ರಿಂದ ಮೈಸೂರಿನಲ್ಲಿ ನೋಟು ಮುದ್ರಣಾಲಯವು ಕಾರ್ಯನಿರ್ವಹಿಸುತ್ತಿದೆ. ನೋಟಿನ ಕಾಗದದ ಕಾರ್ಖಾನೆಯೂ ಅಲ್ಲಿದೆ. ನಮ್ಮ ನೋಟುಗಳ ಭಾಷಾಪಟ್ಟಿಯ 15 ಭಾಷೆಗಳಲ್ಲಿ ಕನ್ನಡ ನಾಲ್ಕನೆಯ ಸಾಲಿನಲ್ಲಿದೆ. ಆದರೆ ಮುದ್ರಣದ ಸೊಗಸಾಗಲಿ, ಭಾವಚಿತ್ರವಾಗಲಿ ನೋಟಿಗೆ ಬೆಲೆ ತರುವುದಿಲ್ಲ. ಜುನ್ಯಿಯಲ್ಲಿ ಅದನ್ನು ತಂದದ್ದು ಉಪ್ಪು, ಷಾನ್‌ಡಾಂಗ್‌ನಲ್ಲಿ ಧಾನ್ಯ ಮತ್ತು ಹತ್ತಿ, ರಾಯಚೂರಿನಲ್ಲಿ ಬದಲಾಗದೆ ನಿಂತ 7ಕ್ಕೆ 6ರ ದರ. ಚಿನ್ನದ ಯುವಾನಿಗೆ ಹೆಸರಿನಲ್ಲಿ ಚಿನ್ನವಿತ್ತು, ಹಿಂದೆ ಏನೂ ಇರಲಿಲ್ಲ.

ಹಳೆಯ ಮನೆಗಳನ್ನು ಕೆಡವುವಾಗ, ಅಂಗಡಿಗಳನ್ನು ಬದಲಾಯಿಸುವಾಗ ಕೈಬರಹದ ಲೆಕ್ಕಪುಸ್ತಕಗಳ ನಡುವೆ ಹುಂಡಿಗಳು, ಛಾಪಾ ಕಾಗದಗಳು, ಹಳೆಯ ನೋಟುಗಳು ದೊರೆಯುವುದುಂಟು. ಅವುಗಳನ್ನು ರದ್ದಿಗೆ ಹಾಕದೆ, ಎಲ್ಲಿ, ಯಾರ ಪೆಟ್ಟಿಗೆಯಲ್ಲಿ, ಯಾವ ಕಡತದೊಳಗೆ ದೊರೆಯಿತೆಂದು ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ. ನೋಟಿನ ಬೆಲೆಯನ್ನು ಯಾವ ಹರಾಜಿನಲ್ಲಿಯೂ ತಿಳಿಯಬಹುದು. ಅದು ಯಾರ ಯಾವ ವ್ಯವಹಾರದಲ್ಲಿ ಚುಕ್ತಾ ಆಗದೆ ಉಳಿಯಿತು ಎಂಬುದನ್ನು ಆ ಚೀಟಿ ಮಾತ್ರ ಹೇಳಬಲ್ಲದು.